ಅಳಿವೆಯ ಕಾವಲು

ಮುನವಳ್ಳಿಯ ಕೋಟೆ ಮಲಪ್ರಭೆಯ ದಂಡೆಯ ಮೇಲಿದೆ. ಹೊಳೆ ಕಾಯುವವನು ಹೊಳೆಯುದ್ದಕ್ಕೂ ನಿಲ್ಲಬೇಕಿಲ್ಲ. ಬೇಸಿಗೆಯಲ್ಲಿ ಆಳು, ಕುದುರೆ ದಾಟುವ ಜಾಗದ ಮೇಲೆ ಕಣ್ಣಿಟ್ಟರಾಯಿತು. ಮಳೆಗಾಲದಲ್ಲಿ ತುಂಬಿದ ಹೊಳೆಯೇ ಕಾವಲು. ಸುಮಾರು 320 ಕಿ.ಮೀ. ಉದ್ದದ ನಮ್ಮ ಕರಾವಳಿಯಲ್ಲಿ ಈ ಲೆಕ್ಕ ನಡೆಯದು.

ಆದರೂ ಹಳಬರು ಅಲ್ಲಿಯೂ ಹೊಳೆಯ ಉಪಾಯವನ್ನೇ ಹೂಡಿದರು. ಕಡಲನ್ನು ಬಿಟ್ಟು ಅಳಿವೆ ಹಿಡಿದರು. ಕಾಳಿಯ ಅಳಿವೆಗೆ ಸದಾಶಿವಗಡ, ಹೊನ್ನಾವರದ ಅಳಿವೆಯಾಚೆಯ ಕಡಲಲ್ಲಿ ಬಸವರಾಜದುರ್ಗ. ಗುರುಪುರ ಹೊಳೆಗೆ ಯುದ್ಧನೌಕೆ ನುಗ್ಗಬಾರದೆಂದು ಟಿಪ್ಪು 1784ರಲ್ಲಿ ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಕಟ್ಟಿಸಿದ. ಕಪ್ಪು ಕಲ್ಲಿನ ಪುಟ್ಟ ಗೋಪುರ, ಸುತ್ತಲೂ ತೋಪು-ಬಂದೂಕಿಗೆ ಕಂಡಿಗಳು. ಕೋಟೆಯೆನ್ನಲು ತೀರ ಸಣ್ಣದು, ಠಾಣೆಯೆಂದರೆ ಒಪ್ಪುತ್ತದೆ.

1961ರಲ್ಲಿ ಕಡಲೇ ಗಡಿಯಾಗಿ ಎದುರು ನಿಂತಿತು. ಕಾರವಾರದ ಕಣ್ಣಳತೆಯಲ್ಲಿರುವ ಅಂಜದೀವ ಆಗ ಪೋರ್ಚುಗೀಸರ ಕೈಲಿತ್ತು. ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ದ್ವೀಪ ಗೆಲ್ಲುವಾಗ ನಮ್ಮ ನೌಕಾಪಡೆಯ 7 ಮಂದಿ ಮಡಿದರು.

ಕೋಸ್ಟ್ ಗಾರ್ಡ್ ಹುಟ್ಟಿದ್ದು 1977ರಲ್ಲಿ. ಅದಿದ್ದೂ ಮುಂಬೈ ಸ್ಫೋಟಕ್ಕೆ ಬಳಸಿದ ಆರ್‌ಡಿಎಕ್ಸ್ 1993ರಲ್ಲಿ ರಾಯಗಡ ಜಿಲ್ಲೆಯ ದಡದಲ್ಲೇ ಇಳಿದಿತ್ತು. ಆದರೂ ಕರಾವಳಿ ಪೊಲೀಸ್ ಠಾಣೆಗಳಿಗೆಂದು ಕೇಂದ್ರದ ಯೋಜನೆ ಬರಲು 2005 ಆಯಿತು. ಹನ್ನೆರಡು ವರ್ಷ! ಕರ್ನಾಟಕಕ್ಕೆ ಮೊದಲು 5, ಆಮೇಲೆ 4 ಠಾಣೆ ಸಿಕ್ಕವು. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ.

ಕಾವಲಿನ ಬಗೆಯೇ ಬದಲಾದದ್ದು 2008ರ ನವೆಂಬರಿನಿಂದ. ಮುಂಬೈಗೆ ಬಂದ 10 ಹಂತಕರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ವಶಮಾಡಿಕೊಂಡು ಬಂದಿದ್ದರು. ಹಗೆ ನಮ್ಮದೇ ಬೋಟಿನಲ್ಲಿ ಬಂದರೆ ಬುರುಜಿನ ಮೇಲಿನವನು ಏನು ಮಾಡಿಯಾನು? ಆಮೇಲೆ ಬೋಟುಗಳಿಗೆ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂದವು. ‘ಸಾಗರ ಕವಚ’ ಅಣಕು ಕಾರ್ಯಾಚರಣೆಯಲ್ಲಿ ಒಂದು ತಂಡ ನುಸುಳುಕೋರರ ವೇಷದಲ್ಲಿ ದಡ ಸೇರಲು ನೋಡುತ್ತದೆ, ಇನ್ನೊಂದು ತಡೆಯುತ್ತದೆ. ಇಷ್ಟೆಲ್ಲ ಇದ್ದರೂ ಧಕ್ಕೆಯ ಮೀನುಗಾರನ ಕಣ್ಣಿಗೆ ಸರಿಸಾಟಿ ಇಲ್ಲವೆಂದೇ ನನ್ನ ಎಣಿಕೆ. ಬಲೆ ಹಾಕುವ ಹೊತ್ತಲ್ಲದ ಹೊತ್ತಿನಲ್ಲಿ ಸುಮ್ಮನೆ ನಿಂತ ಬೋಟು ಮೊದಲು ಅವನ ಕಣ್ಣಿಗೆ ಬೀಳುತ್ತದೆ.

ಅವನನ್ನು ಕಾಯುವವರು ಯಾರು ಎಂಬ ಪ್ರಶ್ನೆಯನ್ನು ‘ಸುವರ್ಣ ತ್ರಿಭುಜ’ ಎತ್ತಿತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಈ ಬೋಟು 7 ಮೀನುಗಾರರೊಂದಿಗೆ ಕಾಣೆಯಾಯಿತು. ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಪ್ರತಿಭಟಿಸಿದರು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ. ದೇಶದ 1 ಲಕ್ಷ ಮೀನುಗಾರಿಕೆ ಬೋಟುಗಳಿಗೆ ಉಪಗ್ರಹ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿತು. ಇದರಿಂದ ಮೊಬೈಲ್ ಸಿಗ್ನಲ್ ಸಿಗದ ದೂರದಲ್ಲೂ ಬೋಟಿನಿಂದ ದಡಕ್ಕೆ, ದಡದಿಂದ ಬೋಟಿಗೆ ಸಂದೇಶ ಕಳಿಸಬಹುದು.