ಕಲ್ಲಿಗೆ ಅಂಟಿಸಿದ ಚೀಟಿ

ವೈಜಾಪುರದಲ್ಲಿದ್ದೇನೆ ಅಂತ ಫೋನಿನಲ್ಲಿ ಹೇಳಿದಾಗಲೆಲ್ಲ ಊರ ಕಡೆಯವರು, "ವಿಜಾಪುರದಾಗ ಅದೀಯೇನು? ಹಂಗಾರ ಸಮೀಪನ ಆತು ಬಿಡು" ಅನ್ನುತ್ತಾರೆ. ಗೋಳಗುಮ್ಮಟದ ಊರು 2014ರಲ್ಲಿ ವಿಜಯಪುರ ಅಂತ ಹೆಸರು ಬದಲಾಯಿಸಿಕೊಂಡ ಮೇಲೂ ಈ ಗೊಂದಲ ತೀರಿಲ್ಲ. ನಾನಿರುವುದು ಮಹಾರಾಷ್ಟ್ರದ ವೈಜಾಪುರ. ಔರಂಗಾಬಾದ್ ಆಗಿದ್ದು 2023ರಲ್ಲಿ ಛತ್ರಪತಿ ಸಂಭಾಜಿನಗರವಾದ ಜಿಲ್ಲೆಯ ಪಶ್ಚಿಮದ ಅಂಚಿನ ತಾಲ್ಲೂಕು. ಪಡುವಣಕ್ಕೆ ನಾಸಿಕ ಜಿಲ್ಲೆ, ದಕ್ಷಿಣಕ್ಕೆ ಗೋದಾವರಿ. ರೈಲಿನಲ್ಲಿ ಬರುವವರು ಮನಮಾಡ ದಾಟಿ ರೋಟೆಗಾಂವ್ ಸ್ಟೇಷನ್ನಿನಲ್ಲಿ ಇಳಿಯಬೇಕು.

ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಅಂತ ಹೇಳಿ ಸಾವಿರದ ನೂರು ವರ್ಷಗಳ ಮೇಲಾಯಿತು. ಆ ಲೆಕ್ಕದಲ್ಲಿ ನಾನು ಬೇಲಿ ಹಾರಿ ಪಕ್ಕದ ಹಿತ್ತಲಿಗೆ ಬಂದವನು, ಅಷ್ಟೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1956ರ ನವೆಂಬರ್ 1ರವರೆಗೆ ನಮ್ಮ ಬೀದರ, ಗುಲ್ಬರ್ಗ, ರಾಯಚೂರು ಮತ್ತು ಈ ಔರಂಗಾಬಾದ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

ನೆಲವಂತೂ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರುಕು ಬಿಟ್ಟು, ಲಾವಾ ಒಂದರ ಮೇಲೊಂದು ಪದರವಾಗಿ ಹರಿದು ದಖ್ಖನ್ ಟ್ರ್ಯಾಪ್ ಆಯಿತು. ಇವತ್ತಿಗೂ ಅದು 5 ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿಕೊಂಡಿದೆ. ಅದರ ತೆಂಕಣ ಸೆರಗು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರದ ತನಕ ಬರುತ್ತದೆ. ನಮ್ಮ ಎರೆಮಣ್ಣು ಆ ಕಲ್ಲಿನದೇ ಮಗು. ಲಾವಾ ಆರುವಾಗ ಒಳಗಿನ ಅನಿಲ ಗುಳ್ಳೆಯಾಗಿ ಮೇಲೆದ್ದು, ಪದರದ ಮೇಲ್ಭಾಗದಲ್ಲಿ ಸಿಕ್ಕಿಕೊಂಡು ಪೊಟರೆಗಳಾದವು. ಆಮೇಲೆ ಖನಿಜ ಕರಗಿದ ಬಿಸಿನೀರು ಆ ಪೊಟರೆಗಳಿಗೆ ನುಗ್ಗಿತು. ಕೆಲವು ಕಡೆ ಪಟ್ಟೆಪಟ್ಟೆಯ ಅಗೇಟ್, ಕೆಲವು ಕಡೆ ಬೆಣಚು, ಕೆಲವು ಕಡೆ ಜಿಯೊಲೈಟ್ ಅನ್ನುವ ಹರಳುಗಳು ಬೆಳೆದವು. ಜಿಯೊಲೈಟ್ ಅಂದರೆ ಗ್ರೀಕಿನಲ್ಲಿ 'ಕುದಿಯುವ ಕಲ್ಲು'. ಕಾಯಿಸಿದರೆ ನೊರೆಯುಕ್ಕಿಸುವ ಗುಣ ಕಂಡು 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಇಟ್ಟ ಹೆಸರು. ಸ್ಟಿಲ್ಬೈಟ್, ಹ್ಯೂಲಂಡೈಟ್, ಸೂಜಿಯಂಥ ಸ್ಕೋಲೆಸೈಟ್, ಇವುಗಳ ಜೊತೆಗೇ ಸಿಗುವ ಹಸಿರು ಅಪೊಫಿಲೈಟ್, ಇವೆಲ್ಲ ನಾಸಿಕ, ಜಳಗಾಂವ, ಪುಣೆ ಸೀಮೆಯಿಂದ ಜಗತ್ತಿನ ಸಂಗ್ರಹಗಳಿಗೆ ಹೋಗಿವೆ. ಅಜಂತಾಕ್ಕೋ ಎಲ್ಲೋರಾಕ್ಕೋ ಹೋದವರಿಗೆ ಗೊತ್ತು: ಬಸ್ಸಿಳಿಯುವುದೇ ತಡ, ಎರಡು ಹೋಳಾದ ಕಲ್ಲು ಹಿಡಿದು ಹುಡುಗರು ಮುತ್ತಿಕೊಳ್ಳುತ್ತಾರೆ.

ಈ ನೆಲದ ಕಲ್ಲು ಗಾಡಿ ಹತ್ತಿ ದೇಶಾಂತರ ಹೊರಟ ಕಥೆ ಬಹಳ ಹಳೆಯದು. ಕ್ರಿ.ಶ. ಒಂದನೇ ಶತಮಾನದಲ್ಲಿ, ಹೆಸರು ಹೇಳದ ಒಬ್ಬ ಗ್ರೀಕ್ ವ್ಯಾಪಾರಿ 'ಪೆರಿಪ್ಲಸ್' ಅನ್ನುವ ಕಡಲ ಕೈಪಿಡಿ ಬರೆದ. ಬರಿಗಾಜಾ, ಅಂದರೆ ಇವತ್ತಿನ ಭರೂಚಿನಿಂದ, ದಕ್ಷಿಣಕ್ಕೆ 20 ದಿನದ ಹಾದಿಯಲ್ಲಿ ಪೈಠಣ, ಅಲ್ಲಿಂದ ಮೂಡಣಕ್ಕೆ 10 ದಿನ ನಡೆದರೆ ತಗರ, ಅಂದರೆ ತೇರ್, ಅಂತ ಅದರಲ್ಲಿದೆ. ತಗರದಿಂದ ಬಟ್ಟೆ, ಪೈಠಣದಿಂದ ರಾಶಿ ರಾಶಿ ಓನಿಕ್ಸ್ ಕಲ್ಲು, ದಾರಿಯೇ ಇಲ್ಲದ ಬಯಲುಗಳನ್ನು ಗಾಡಿಗಳ ಮೇಲೆ ದಾಟಿ ಬಂದರಿಗೆ ಬರುತ್ತಿತ್ತಂತೆ. ಓನಿಕ್ಸ್ ಅಂದರೆ ಅಗೇಟಿನದೇ ಪಟ್ಟೆಯ ತಂಗಿ. ಶಾತವಾಹನರ ಪೈಠಣ ಇದೇ ಜಿಲ್ಲೆಯಲ್ಲಿ, ಇದೇ ಗೋದಾವರಿಯ ದಂಡೆಯಲ್ಲಿ, ವೈಜಾಪುರಕ್ಕಿಂತ ಕೆಳಗಿದೆ. ಅಲ್ಲಿಂದ ಭರೂಚಿಗೆ ಹೊರಟ ಗಾಡಿ ಒಂದೋ ನಾಸಿಕದ ಕಡೆಯಿಂದ, ಇಲ್ಲವೇ ಎಲ್ಲೋರಾದ ಕಡೆಯಿಂದ ಘಟ್ಟ ಇಳಿಯಬೇಕು. ವೈಜಾಪುರ ಎರಡರ ನಡುವೆ ಇದೆ. ರೋಮಿನವರು ಆ ಕಲ್ಲಿನಲ್ಲಿ ಮುದ್ರೆಯುಂಗುರ ಕೊರೆಸಿದರು. ಕಲ್ಲಿನ ಹೆಸರು ಉಳಿಯಿತು, ಬಂದರಿನ ಹೆಸರು ಉಳಿಯಿತು. ಇಪ್ಪತ್ತು ದಿನ ಎತ್ತಿನ ಬಾಲ ಹಿಡಿದವರು ಯಾರು ಅಂತ ಆ ಪುಸ್ತಕದಲ್ಲಿಲ್ಲ.

ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಜನ ಕಾರಿನ ಹಿಂದೆ ಮನೆಗಾಡಿ ಕಟ್ಟಿಕೊಂಡು, ಲೈಸೆನ್ಸ್ ಪಡೆದು, ರೂಬಿವೇಲ್, ಸಫೈರ್ ಎಂಬ ಊರುಗಳ ಸುತ್ತ ನೀಲ ಹುಡುಕುತ್ತ ರಜೆ ಕಳೆಯುತ್ತಾರೆ. ಸಿಕ್ಕರೆ ಸಂತೋಷ, ಸಿಗದಿದ್ದರೆ ಪಿಕ್ನಿಕ್ ಆಯಿತು. ನಮ್ಮ ಕಡೆಯೂ ಗಾಡಿಯಲ್ಲಿ ಸಂಸಾರ ಹೇರಿಕೊಂಡು ಕಲ್ಲುನಾಡು ಸುತ್ತಿದವರಿದ್ದಾರೆ. ಆದರೆ ಅವರು ಹರಳು ಹುಡುಕಿ ಬಂದವರಲ್ಲ, ಕೂಲಿ ಹುಡುಕಿ ಬಂದವರು: ನಮ್ಮ ವಡ್ಡರು, ಅಂದರೆ ಭೋವಿಗಳು, ಇಲ್ಲಿಯವರ ಬಾಯಲ್ಲಿ ವಡಾರರು. ಮಣ್ಣು ಹೊರುವವರು ಮಾತಿ ವಡಾರ, ಕಲ್ಲು ಗಾಡಿಗೆ ಹೇರುವವರು ಗಾಡಿ ವಡಾರ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರು ಭೋವಿಗಳ ಪಾಲಿಗೆ ಗುರು. ಆ ಸೊನ್ನಲಿಗೆಯೂ ಈಗ ಮಹಾರಾಷ್ಟ್ರದ ಸೋಲಾಪುರವೇ.

ಮುಂಬೈಯಿಂದ ದಖ್ಖನ್ನಿಗೆ ರೈಲು ಹತ್ತಿಸಿದ್ದು ಇಂಥವರ ಕೈಗಳು. ಪುಣೆಯ ಕಡೆಯ ಭೋರ್ ಘಾಟ್ 1863ರಲ್ಲಿ, ನಾಸಿಕದ ಕಡೆಯ ಥಳ್ ಘಾಟ್ 1865ರಲ್ಲಿ ತೆರೆಯಿತು. ಭೋರ್ ಘಾಟಿನಲ್ಲಿ ಕೆಲಸ ಜೋರಿದ್ದಾಗ 40 ಸಾವಿರದಷ್ಟು ಕೂಲಿಗಳಿದ್ದರು. ಇಂಗ್ಲಿಷರ ಕಾಗದಗಳಲ್ಲಿ 'ವಡ್ಡರ್' ಎಂಬ ಜಾತಿಯ ಹೆಸರು ಮಾತ್ರ ಬರುತ್ತದೆ. ಕಂಟ್ರಾಕ್ಟುದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಬಂದ ಕೆಲವೇ ದಿನಕ್ಕೆ ತೀರಿಕೊಂಡಾಗ ಹೆಂಡತಿ ಆಲಿಸ್ ಕೆಲಸ ವಹಿಸಿಕೊಂಡಳು ಅಂತ ಚರಿತ್ರೆ ನೆನಪಿಟ್ಟಿದೆ. ಇಟ್ಟುಕೊಳ್ಳಲಿ, ತಪ್ಪಿಲ್ಲ. ಅದೇ ಬಂಡೆ ಸೀಳುವಾಗ ಹೊರಬಿದ್ದ ಹರಳುಗಳು ಹಡಗು ಹತ್ತಿ ವಿಲಾಯತಿಯ ಮ್ಯೂಸಿಯಂ ಸೇರಿದವು. ಸೀಳಿದವರು ಬುಟ್ಟಿ ಎತ್ತಿಕೊಂಡು ಮುಂದಿನ ಕೆಲಸಕ್ಕೆ ನಡೆದರು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತು ಅಂದರೆ, ಒಂದು ಬೇಸಿಗೆ ಊರಾಚೆಯ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಪಕ್ಕದ ದಾರಿಯಲ್ಲಿ ಹೋಗುತ್ತಿದ್ದ ನನಗೆ, "ಹಗ್ಗ ಸಡಲ ಬಿಡಲೇ!" ಅನ್ನುವ ಕೂಗು ಕೇಳಿ ಕಾಲು ನಿಂತೇಬಿಟ್ಟಿತು. ಬಾವಿಯ ದಂಡೆಯಲ್ಲಿ ಒಬ್ಬ ಮುದುಕರು ಕೂತಿದ್ದರು.

"ಯಾವ ಕಡೆಯವ್ರು, ಯಜಮಾನ್ರೆ?"

"ಕಲಬುರ್ಗಿ ಕಡ್ಯಾವ್ರ ರೀ ಸಾಹೇಬ್ರ. ನೀವೂ ಕನ್ನಡದವ್ರೇನು?"

ಊರು ಬಿಟ್ಟು ಎಷ್ಟು ದಿನವಾಯಿತು ಅಂತ ಕೇಳಿದೆ. "ಹ್ವಾದ ವರ್ಷ ಜಾತ್ರಿಗೆ ಹೋಗಿದ್ವಿ. ಊರು ಅಂದ್ರ ಏನ್ರೀ, ಬಾವಿ ಮುಗಿಯೂತನ ಇದ ಊರು."

ಮಗ್ಗುಲಿನ ಕಲ್ಲುರಾಶಿಯಿಂದ ಒಂದನ್ನು ಆರಿಸಿ ನನ್ನ ಕೈಗಿಟ್ಟರು. ಹೊರಗೆ ಬೂದಿ ಬಣ್ಣ, ಒಳಗೆ ಬೆಳ್ಳಗೆ ಸೂಜಿಯ ಗೊಂಚಲು. "ಗಾಜಿನ ಮುಳ್ಳ ಅಂತೀವ್ರಿ ನಾವು. ಇವು ಕಾಣಾಕ ಹತ್ತಿದ್ರ ನೀರು ಸಮೀಪ ಬಂತಂತ ತಿಳೀಬೇಕು." ಲಾವಾದ ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಪೊಟರೆಯೂ ಹೆಚ್ಚು, ನೀರು ಸಿಗುವ ಸಾಧ್ಯತೆಯೂ ಹೆಚ್ಚು. ಭೂವಿಜ್ಞಾನಿ ಪುಸ್ತಕ ಬಿಡಿಸಿ ಹೇಳುವುದನ್ನು ಅವರು ಹಾರೆಯ ಸಪ್ಪಳದಲ್ಲಿ ಕಲಿತಿದ್ದರು. ಸಂಗ್ರಾಹಕರು ಮುಗಿಬಿದ್ದು ಕೊಳ್ಳುವ, ಇಲ್ಲೇ ನದಿಯಾಚೆ ರಾಹುರಿ ಬಳಿಯ ಮೊಮಿನ್ ಆಖಾಡದ ಹಸಿರು ಅಪೊಫಿಲೈಟ್ ಸಿಕ್ಕಿದ್ದೂ ಹೀಗೆ ಬಾವಿ ತೋಡುವಾಗಲೇ.

ಏಳುವ ಹೊತ್ತಿಗೆ ಅವರು ಇನ್ನೊಂದು ಕೇಳಿದರು. "ನೀವು ಓದಿದವ್ರು, ಹೇಳ್ರಿ. ನಮ್ಮ ಮೊಮ್ಮಗನ ಸರ್ಟಿಫಿಕೇಟು ಇಲ್ಲಿ ನಡಿಯಂಗಿಲ್ಲ ಅಂತಾರ. ಗಡಿ ದಾಟಿದ್ರ ಜಾತಿ ಬ್ಯಾರೆ ಆಗ್ತೈತೇನ್ರೀ?"

ಆಗುತ್ತದೆ. ಕರ್ನಾಟಕದಲ್ಲಿ ಭೋವಿಗಳೂ ಲಂಬಾಣಿಗಳೂ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ವಡಾರರೂ ಬಂಜಾರರೂ ವಿಮುಕ್ತ ಜಾತಿ. 1871ರಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹಬ್ಬಿದ, ಹುಟ್ಟಿನಿಂದಲೇ ಜನರನ್ನು ಅಪರಾಧಿ ಅನ್ನುತ್ತಿದ್ದ ಕಾಯಿದೆ 1952ರಲ್ಲಿ ರದ್ದಾಯಿತಲ್ಲ, ಅದರಿಂದ ಬಿಡುಗಡೆಯಾದವರು 'ವಿಮುಕ್ತ'ರು. ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸೇರಿದ್ದು, ವಲಸೆ ಹೋದವರು ಆ ಸವಲತ್ತನ್ನು ಹೊಸ ರಾಜ್ಯದಲ್ಲಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ, ಮತ್ತೆ 1994ರಲ್ಲಿ ಹೇಳಿದೆ. ಅದಕ್ಕೆ ಕಾನೂನಿನ ಕಾರಣಗಳಿವೆ. ಅವನ್ನು ಬಾವಿಯ ದಂಡೆಯಲ್ಲಿ ವಿವರಿಸುವ ಧೈರ್ಯ ನನಗಾಗಲಿಲ್ಲ. "ಹೂಂರಿ, ಹಂಗಂತಾರ" ಅಂದೆ, ಅಷ್ಟೆ. ಕೆಲಸದ ಮೇಲೆ ಇಲ್ಲಿಗೆ ಬಂದ ನನಗೆ ಗಡಿ ದಾಟಿದ್ದು ಒಂದು ರಾತ್ರಿಯ ಪ್ರಯಾಣ. ಅವರಿಗೆ ಹಾಗಲ್ಲ.

ನಾಸಿಕದ ಹತ್ತಿರ ಸಿನ್ನರಿನಲ್ಲಿ ಕೆ.ಸಿ. ಪಾಂಡೆಯವರು 2001ರಲ್ಲಿ ತೆರೆದ ಗಾರಗೋಟಿ ಮ್ಯೂಸಿಯಂ ಇದೆ. ನೋಡಲೇಬೇಕಾದ ಜಾಗ. ಗಾಜಿನ ಹಿಂದೆ, ದೀಪದ ಕೆಳಗೆ ಕೂತ ಆ ಹರಳುಗಳ ಮುಂದೆ ಮಾತು ನಿಲ್ಲುತ್ತದೆ. ಜಗತ್ತಿನ ಎಲ್ಲ ಸಂಗ್ರಹಗಳಲ್ಲೂ ಹರಳಿಗೊಂದು ಚೀಟಿ ಇರುತ್ತದೆ: ಖನಿಜದ ಹೆಸರು, ಸಿಕ್ಕ ಊರು. ಊರಿನ ಹೆಸರಿಲ್ಲದ ಕಲ್ಲಿಗೆ ಬೆಲೆ ಕಡಿಮೆಯಂತೆ.

ಮುದುಕರು ಕೊಟ್ಟ ಕಲ್ಲು ಈಗ ಊರಿನ ಮನೆಯ ಷೋಕೇಸಿನಲ್ಲಿದೆ. ಹೋದ ಸಲ ರಜೆಗೆ ಹೋದಾಗ ಅದರ ಅಡಿಗೆ ಒಂದು ಚೀಟಿ ಅಂಟಿಸಿದೆ: 'ಸ್ಕೋಲೆಸೈಟ್ ಇರಬೇಕು. ವೈಜಾಪುರ ತಾಲ್ಲೂಕು, ಬಾವಿಯಿಂದ. ತೆಗೆದವರು ಕಲಬುರಗಿ ಕಡೆಯ ಭೋವಿಗಳು.' ಅವರ ಹೆಸರು ಕೇಳಿಕೊಂಡಿರಲಿಲ್ಲ. ಮರಳಿ ಬಂದು ಹೊಲಕ್ಕೆ ಹೋದರೆ ಬಾವಿಗೆ ನೀರು ಬಂದಿತ್ತು; ಅವರು ಹೊರಟುಹೋಗಿದ್ದರು.