ಬಲಗಡೆಯ ಸ್ಟೀರಿಂಗ್, ಬಲುದೂರದ ರಾಜಧಾನಿ

ರಷ್ಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಹಾಗಾಗಿ ಕಾರಿನ ಸ್ಟೀರಿಂಗ್ ಎಡಕ್ಕಿರಬೇಕು. ಆದರೆ ಆ ದೇಶದ ಪೂರ್ವದಂಚಿನ ಬಂದರು ನಗರ ವ್ಲಾಡಿವೊಸ್ಟಾಕ್‌ನಲ್ಲಿ, ನಮ್ಮಲ್ಲಿರುವಂತೆ ಸ್ಟೀರಿಂಗ್ ಬಲಕ್ಕಿರುವ ಕಾರುಗಳದೇ ಕಾರುಬಾರು. ಅವೆಲ್ಲ ನೆರೆಯ ಜಪಾನಿನಲ್ಲಿ ಓಡಿ, ಹಡಗೇರಿ ಬಂದ ಹಳೆಯ ಕಾರುಗಳು.

ಮಾಸ್ಕೋದಿಂದ ಈ ಊರಿಗೆ ರೈಲುಹಾದಿ 9,288 ಕಿಲೋಮೀಟರ್. ಜಪಾನಿನ ನೀಗಾಟ ಬಂದರಿಗೆ ಸಾವಿರ ಕಿಲೋಮೀಟರೂ ಇಲ್ಲ. ಸೋವಿಯತ್ ಕಾಲದಲ್ಲಿ ಹೊಸ ಕಾರಿಗಾಗಿ ಜನ ವರ್ಷಗಟ್ಟಲೆ ಕಾಯಬೇಕಿತ್ತು. ಆ ಯುಗದ ಕೊನೆಯಲ್ಲಿ ನಾವಿಕರು ಜಪಾನಿನಿಂದ ಒಂದೊಂದೇ ಕಾರು ತರತೊಡಗಿದರು. 1991ರಲ್ಲಿ ಒಕ್ಕೂಟ ಕುಸಿಯಿತು. ಕಾರ್ಖಾನೆಗಳು ಸೊರಗಿದವು, ಸಂಬಳ ತಿಂಗಳುಗಟ್ಟಲೆ ನಿಂತಿತು. ನೌಕಾನೆಲೆಯೆಂದು ವಿದೇಶೀಯರಿಗೆ ಮುಚ್ಚಿದ್ದ ನಗರ 1992ರಲ್ಲಿ ಬಾಗಿಲು ತೆರೆಯಿತು. ಕೆಲಸ ಕಳೆದುಕೊಂಡವರಿಗೆ ಕಾರು ತರುವುದು, ರಿಪೇರಿ ಮಾಡುವುದು, ಸೈಬೀರಿಯಾದವರೆಗೆ ಓಡಿಸಿಕೊಂಡು ಹೋಗಿ ಮಾರುವುದೇ ಅನ್ನದ ದಾರಿಯಾಯಿತು. ಊರಿನ ಗುಡ್ಡದ ಮೇಲೆ 'ಹಸಿರು ಮೂಲೆ' ಎಂಬ ದೊಡ್ಡ ಕಾರುಸಂತೆಯೇ ಬೆಳೆಯಿತು.

ಜಪಾನೀಯರು ಸುಸ್ಥಿತಿಯ ಕಾರನ್ನು ಮಾರುವುದೇಕೆ? ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ತಪಾಸಣೆ ಕಡ್ಡಾಯ. ಅದರ ಖರ್ಚಿಗಿಂತ ಮಾರುವುದೇ ಲೇಸೆಂದು ಹಲವರು ಭಾವಿಸುತ್ತಾರೆ.

ತೊಡಕುಗಳೂ ಇದ್ದವು. ಬಲಗಡೆ ಕುಳಿತವನಿಗೆ ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರಿನ ವಾಹನ ಕಾಣದು. ಎಡಕ್ಕೆ ಹೆಚ್ಚು ಬೆಳಕು ಚೆಲ್ಲುವ ಜಪಾನಿ ಹೆಡ್‌ಲೈಟ್ ಎದುರಿನವರ ಕಣ್ಣು ಕುಕ್ಕುತ್ತದೆ. 2005ರಲ್ಲಿ ಇಂಥ ಕಾರುಗಳ ನಿಷೇಧದ ಮಾತು ಬಂದಾಗ ಜನ ಬೀದಿಗಿಳಿದರು, ನಿಷೇಧ ಬರಲಿಲ್ಲ.

2008ರಲ್ಲಿ ಜಪಾನಿನಿಂದ ರಷ್ಯಾಕ್ಕೆ ಬಂದ ಹಳೆಯ ಕಾರುಗಳ ಸಂಖ್ಯೆ 5 ಲಕ್ಷ ದಾಟಿತ್ತು. ದೇಶೀ ಕಾರ್ಖಾನೆಗಳನ್ನು ಉಳಿಸಲೆಂದು ಸರ್ಕಾರ ಆಮದು ಸುಂಕ ಏರಿಸಲು ಹೊರಟಿತು. ಡಿಸೆಂಬರಿನಲ್ಲಿ ವ್ಲಾಡಿವೊಸ್ಟಾಕ್ ಜನ ಪ್ರತಿಭಟಿಸಿದರು. 21ರಂದು ಮಾಸ್ಕೋ ಕಡೆಯಿಂದ ಕರೆಸಿದ್ದ ಪೊಲೀಸ್ ಪಡೆ ಅವರನ್ನು ಬಲವಂತವಾಗಿ ಚದುರಿಸಿತು. 2009ರ ಜನವರಿಯಲ್ಲಿ ಸುಂಕ ಜಾರಿಗೆ ಬಂತು. ಆ ವರ್ಷ ಆಮದು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಪಶ್ಚಿಮದ ಕಾರ್ಖಾನೆಯ ಕಾರ್ಮಿಕನ ಕೆಲಸ ಉಳಿಸುವ ಕ್ರಮವೇ ಪೂರ್ವದ ಮೆಕ್ಯಾನಿಕನ ಕೆಲಸಕ್ಕೆ ಕುತ್ತಾಯಿತು.

ಆದರೂ ವ್ಯಾಪಾರ ಸಾಯಲಿಲ್ಲ, ಮೆಲ್ಲಗೆ ಚೇತರಿಸಿಕೊಂಡಿತು. ಉಕ್ರೇನ್ ಯುದ್ಧದ ಕಾರಣ 2023ರ ಆಗಸ್ಟ್‌ನಲ್ಲಿ ಜಪಾನೇ ಹೈಬ್ರಿಡ್, ವಿದ್ಯುತ್ ಹಾಗೂ 1,900 ಸಿಸಿ ಮೀರಿದ ಕಾರುಗಳನ್ನು ರಷ್ಯಾಕ್ಕೆ ಕಳಿಸುವುದನ್ನು ನಿಷೇಧಿಸಿತು. ಒಮ್ಮೆ ಮಾಸ್ಕೋ, ಇನ್ನೊಮ್ಮೆ ಟೋಕಿಯೊ. ಎರಡು ಬಾರಿಯೂ ತೀರ್ಮಾನ ರಾಜಧಾನಿಯದು, ಪೆಟ್ಟು ಬಂದರಿನ ಜನಕ್ಕೆ.