ಹತ್ತು ಚಿತ್ರ ಎಂಟಾದ ಕಥೆ

ಹಳೆಯ ಪೊಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾಕ್ಕೆ ಇಂದಿನ ಫಿಲ್ಮ್ ಪ್ಯಾಕ್ ಹಾಕಿ ಚಿತ್ರ ತೆಗೆಯುತ್ತಾ ಹೋದರೆ, ಹಿಂಬದಿಯ ಅಂಕಿ 10ರಿಂದ ಇಳಿಯುತ್ತಾ ಬಂದು 2ರಲ್ಲಿ ನಿಲ್ಲುತ್ತದೆ. ಇನ್ನೆರಡು ಚಿತ್ರ ಉಳಿದಿವೆ ಎಂದು ಕ್ಯಾಮೆರಾ ಹೇಳುತ್ತದೆ, ಪ್ಯಾಕ್ ಮಾತ್ರ ಖಾಲಿ. ಹಿಂದೆ ಪ್ಯಾಕಿಗೆ ಹತ್ತು ಹಾಳೆ ಇರುತ್ತಿದ್ದವು, ಈಗ ಎಂಟು. ಈ ಫಿಲ್ಮ್ ಒಮ್ಮೆ ಪೂರ್ತಿ ನಿಂತುಹೋಗಿ ಮತ್ತೆ ಬಂದದ್ದರ ಗುರುತು ಅದು.

ಕಥೆ ಶುರುವಾಗುವುದು 1943ರಲ್ಲಿ, ಅಮೆರಿಕದ ಸಾಂತಾ ಫೆ ಊರಿನಲ್ಲಿ. ರಜೆಗೆ ಹೋಗಿದ್ದ ಪೊಲರಾಯ್ಡ್ ಸ್ಥಾಪಕ, ವಿಜ್ಞಾನಿ ಎಡ್ವಿನ್ ಲ್ಯಾಂಡ್ ಅವರನ್ನು ಮೂರು ವರ್ಷದ ಮಗಳು ಜೆನ್ನಿಫರ್, ತೆಗೆದ ಫೋಟೊ ಈಗಲೇ ಏಕೆ ನೋಡಲಾಗದು ಎಂದು ಕೇಳಿದಳು. 1947ರ ಫೆಬ್ರವರಿಯಲ್ಲಿ ಲ್ಯಾಂಡ್ ನ್ಯೂಯಾರ್ಕಿನ ವಿಜ್ಞಾನಿಗಳ ಸಭೆಯಲ್ಲಿ ತಮ್ಮದೇ ಭಾವಚಿತ್ರ ತೆಗೆದು, ಅಲ್ಲೇ ಹಾಳೆ ಬಿಡಿಸಿ ತೋರಿಸಿದರು. ಮರುವರ್ಷ ನವೆಂಬರಿನಲ್ಲಿ ಬೋಸ್ಟನ್ನಿನ ಜೋರ್ಡನ್ ಮಾರ್ಷ್ ಮಳಿಗೆಗೆ ಬಂದ ‘ಮಾಡೆಲ್ 95’ ಕ್ಯಾಮೆರಾಗಳು ಮೊದಲ ದಿನವೇ ಮಾರಾಟವಾಗಿ ಹೋದವು.

ಆ ಮೊದಲ ಫಿಲ್ಮ್ ಕಂದುಬಣ್ಣದ್ದು. 1950ರಲ್ಲಿ ಕಪ್ಪುಬಿಳುಪು ಬಂತು, ಆದರೆ ಚಿತ್ರಗಳು ಮಾಸತೊಡಗಿದವು. ಅದಕ್ಕಾಗಿ ಪ್ರತಿ ಚಿತ್ರದ ಮೇಲೂ ರಕ್ಷಣಾ ದ್ರವ ಸವರಿ ಒಣಗಿಸಬೇಕಾಯಿತು. 1963ರಲ್ಲಿ ಬಣ್ಣದ ಫಿಲ್ಮ್ ಬಂದರೂ ಒಂದು ತೊಡಕು ಉಳಿದಿತ್ತು: ಗಡಿಯಾರ ನೋಡಿಕೊಂಡು ಎರಡು ಹಾಳೆಗಳನ್ನು ಬೇರ್ಪಡಿಸಬೇಕು, ಅಂಟಂಟಾದ ಒಂದನ್ನು ಎಸೆಯಬೇಕು.

1972ರ ಎಸ್‌ಎಕ್ಸ್-70 ಇದನ್ನೆಲ್ಲ ತಪ್ಪಿಸಿತು. ಇದರ ಹಾಳೆ ಒಂದೇ; ಅದರ ದಪ್ಪನೆಯ ಬಿಳಿ ಅಂಚಿನೊಳಗೆ ರಾಸಾಯನಿಕ ತುಂಬಿದ ಪುಟ್ಟ ಚೀಲ. ಹಾಳೆ ಹೊರಬರುವಾಗ ಎರಡು ಉಕ್ಕಿನ ರೋಲರ್‌ಗಳು ಚೀಲವನ್ನು ಒಡೆದು ಒಳಗಿನ ಲೇಪವನ್ನು ಪದರಗಳ ನಡುವೆ ಸಮನಾಗಿ ಹರಡುತ್ತವೆ. ಲೇಪದಲ್ಲಿರುವ ಬಣ್ಣದ್ರವ್ಯ ಕ್ಷಾರ ಹೆಚ್ಚಿರುವಾಗ ಬೆಳಕನ್ನು ತಡೆಯುತ್ತದೆ, ಕ್ಷಾರ ಇಳಿದಂತೆ ತಿಳಿಯಾಗುತ್ತದೆ. ಕತ್ತಲೆಕೋಣೆಯನ್ನೇ ಹಾಳೆಯೊಳಗೆ ಹೊತ್ತು ತಂದ ಈ ಚಿತ್ರ ಹಗಲು ಬೆಳಕಿನಲ್ಲೇ ಮೂಡುತ್ತಿತ್ತು. ಮೋಟಾರು ತಿರುಗಿಸುವ ತೆಳು ಬ್ಯಾಟರಿಯೂ ಪ್ಯಾಕಿನೊಳಗೇ ಇತ್ತು.

1981ರಲ್ಲಿ ಬಂದ 600 ಫಿಲ್ಮ್ ಬೆಳಕಿಗೆ ಸುಮಾರು ನಾಲ್ಕು ಪಟ್ಟು ಹೆಚ್ಚು ಸೂಕ್ಷ್ಮ. ಅದನ್ನು ಎಸ್‌ಎಕ್ಸ್-70ರಲ್ಲಿ ಬಳಸುವವರು ಬೆಳಕು ತಗ್ಗಿಸುವ ಫಿಲ್ಟರ್ ಹಾಕಲೇಬೇಕು, ಇಲ್ಲವಾದರೆ ಚಿತ್ರ ಬಿಳಿಚಿಕೊಳ್ಳುತ್ತದೆ. 1986ರ ‘ಸ್ಪೆಕ್ಟ್ರಾ’ಕ್ಕೆ ಅಗಲವಾದ, ಬೇರೆಯದೇ ಪ್ಯಾಕ್. 2017ರ ಐ-ಟೈಪ್ ಪ್ಯಾಕಿನಲ್ಲಿ ಬ್ಯಾಟರಿಯೇ ಇಲ್ಲ. ಬೆಲೆ ಕಡಿಮೆಯೆಂದು ಅದನ್ನು ಕೊಂಡು ಹಳೆಯ ಕ್ಯಾಮೆರಾಕ್ಕೆ ಹಾಕಿದರೆ ಕ್ಯಾಮೆರಾ ಮಿಸುಕುವುದಿಲ್ಲ.

ಡಿಜಿಟಲ್ ಕ್ಯಾಮೆರಾಗಳ ಕಾಲ ಬಂತು. ಪೊಲರಾಯ್ಡ್ 2001ರಲ್ಲಿ ದಿವಾಳಿಯಾಯಿತು, 2008ರಲ್ಲಿ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆಯ ಕಾರ್ಖಾನೆ ಮುಚ್ಚುವ ಹೊತ್ತಿಗೆ ಪೊಲರಾಯ್ಡ್ ಪ್ರೇಮಿ ಫ್ಲೋರಿಯನ್ ಕಾಪ್ಸ್ ಮತ್ತು ಅಲ್ಲಿನ ವ್ಯವಸ್ಥಾಪಕ ಆಂದ್ರೆ ಬೋಸ್ಮನ್ ಸೇರಿ ಯಂತ್ರಗಳನ್ನು ಉಳಿಸಿಕೊಂಡರು. ತಮ್ಮ ಸಾಹಸಕ್ಕೆ ‘ಇಂಪಾಸಿಬಲ್ ಪ್ರಾಜೆಕ್ಟ್’ ಎಂದೇ ಹೆಸರಿಟ್ಟರು. ಯಂತ್ರಗಳಿದ್ದವು, ಹಳೆಯ ರಾಸಾಯನಿಕಗಳು ಮಾತ್ರ ಸಿಗುತ್ತಿರಲಿಲ್ಲ. ಫಿಲ್ಮನ್ನು ಹೊಸದಾಗಿಯೇ ರೂಪಿಸಬೇಕಾಯಿತು. 2010ರಲ್ಲಿ ಬಂದ ಅವರ ಮೊದಲ ಹಾಳೆಗಳಿಗೆ ಬೆಳಕು ತಡೆಯುವ ಶಕ್ತಿ ಸಾಲುತ್ತಿರಲಿಲ್ಲ, ಬಣ್ಣವೂ ನಂಬುವಂತಿರಲಿಲ್ಲ. ಆದರೂ ಜನ ಕೊಂಡರು. ಆ ಕೊಳ್ಳುವಿಕೆಯೇ ಮುಂದಿನ ಸುಧಾರಣೆಗಳಿಗೆ ದಾರಿ ಮಾಡಿತು. 2020ರಲ್ಲಿ ಆ ಸಂಸ್ಥೆ ಪೊಲರಾಯ್ಡ್ ಎಂಬ ಹಳೆಯ ಹೆಸರನ್ನೇ ಧರಿಸಿತು.

ಇಂದಿನ ಫಿಲ್ಮ್ ಬಳಸುವ ರೀತಿ ಈ ಚರಿತ್ರೆಯಿಂದಲೇ ಬಂದದ್ದು. ಹಾಳೆ ಹೊರಬಂದ ತಕ್ಷಣ ಬೆಳಕಿಗೆ ಮರೆಮಾಡಿ ಮಗುಚಿಡಬೇಕು. ಬಣ್ಣದ ಚಿತ್ರ ಮೂಡಲು ಸುಮಾರು 15 ನಿಮಿಷ ಬೇಕು. ಅಲ್ಲಾಡಿಸಬಾರದು. ಆ ಅಭ್ಯಾಸ ದ್ರವ ಸವರಿ ಒಣಗಿಸುತ್ತಿದ್ದ ಕಾಲದ್ದು. ಔಟ್‌ಕಾಸ್ಟ್ ತಂಡದ 2003ರ ‘ಹೇ ಯಾ’ ಹಾಡಿನಿಂದ ಅದು ಮತ್ತೆ ಜನಪ್ರಿಯವಾದಾಗ, ಅಲ್ಲಾಡಿಸಿದರೆ ಚಿತ್ರ ಕೆಡಬಹುದೆಂದು ಕಂಪನಿಯೇ ಎಚ್ಚರಿಸಿತ್ತು. ತೆರೆಯದ ಪ್ಯಾಕನ್ನು ಫ್ರಿಜ್‌ನಲ್ಲಿ ಮಲಗಿಸಿ ಇಡಬಹುದು, ಫ್ರೀಜರ್‌ನಲ್ಲಿ ಇಡಕೂಡದು. ಚಿತ್ರ ತೆಗೆಯಲು 13ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಅದಕ್ಕಿಂತ ತಣ್ಣಗಿದ್ದರೆ ಚಿತ್ರ ನೀಲಿಯತ್ತ, ಬಿಸಿಯಿದ್ದರೆ ಹಳದಿ-ಕೆಂಪಿನತ್ತ ವಾಲುತ್ತದೆ. ರೋಲರ್ ಮೇಲೆ ಒಣಗಿದ ಲೇಪದ ಚೂರು ಉಳಿದರೆ ಪ್ರತಿ ಚಿತ್ರದಲ್ಲೂ ಅದೇ ಅಂತರಕ್ಕೆ ಕಲೆ ಬೀಳುತ್ತದೆ. ಪ್ಯಾಕ್ ಬದಲಿಸುವಾಗಲೆಲ್ಲ ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು.

ಎಲ್ಲ ಕ್ಯಾಮೆರಾಗಳಿಗೂ ಈ ಮರುಜನ್ಮ ಸಿಗಲಿಲ್ಲ. ಹಾಳೆ ಬಿಡಿಸುವ ಹಳೆಯ ಕ್ಯಾಮೆರಾಗಳನ್ನು ಜಪಾನಿನ ಫ್ಯೂಜಿ ಫಿಲ್ಮ್ ಬಹುಕಾಲ ಪೊರೆದಿತ್ತು. ಅದರ ಎಫ್‌ಪಿ-100ಸಿ ತಯಾರಿಕೆ ನಿಂತದ್ದು 2016ರಲ್ಲಿ ಪ್ರಕಟವಾಯಿತು. ಸ್ಪೆಕ್ಟ್ರಾ ಫಿಲ್ಮ್ 2019ರಲ್ಲಿ ನಿಂತಿತು. ಹಳೆಯ ಕ್ಯಾಮೆರಾ ಕೊಳ್ಳಹೊರಟವರು ಲೆನ್ಸಿನ ಹೊಳಪಿಗೆ ಮರುಳಾಗುವ ಮುನ್ನ ಅದು ಯಾವ ಫಿಲ್ಮ್ ನುಂಗುತ್ತದೆ, ಆ ಫಿಲ್ಮ್ ಇಂದಿಗೂ ತಯಾರಾಗುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ.